ಯಾರೂ ಕೇಳದ ಐದು ಮಾತು

ತಪ್ಪು ಮಲಕಪ್ಪನದಲ್ಲ. ಒಬ್ಬ ಮನುಷ್ಯನನ್ನು ಜೀಪಿನಲ್ಲಿ ಕರೆದೊಯ್ದರು, ತಲೆಯ ಚಿತ್ರ ತೆಗೆದರು, ಕೈಗೊಂದು ಸಂಖ್ಯೆ ಕೊಟ್ಟರು, ಅದರ ಅರ್ಥ ಮಾತ್ರ ಕೊಡಲಿಲ್ಲ. ತಪ್ಪು ಅಲ್ಲಿದೆ. ಈಗ ಕತೆ ಕೇಳಿ.

ಒಂದು ಮಗ್ಗದ ಊರು. ಅಲ್ಲೊಬ್ಬಳು ಸಾತವ್ವ, ಅವಳಿಗೊಬ್ಬನೇ ಮಗ ಮಲಕಪ್ಪ. ವಯಸ್ಸು ಮೂವತ್ತೈದು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಒಮ್ಮೆ ಸಾತವ್ವ "ಈ ಎಳಿ ಹಿಡಕೋ, ಬಂದೆ" ಅಂತ ಎದ್ದಳು. ತಂಗಿಗೆ ಹುಷಾರಿಲ್ಲವೆಂದು ಕರೆ ಬಂದು ಹಾಗೇ ಪಕ್ಕದೂರಿಗೆ ಹೋದಳು. ಮರುದಿನ ಬಂದು ನೋಡಿದರೆ ಮಗ ಎಳೆ ಹಿಡಿದುಕೊಂಡೇ ಕೂತಿದ್ದ.

"ನಾ ಸತ್ತ ಮ್ಯಾಲೆ ನಿನ್ನ ಕೂಡ ಯಾರು ಮಾತಾಡ್ತಾರಪ್ಪಾ" ಎಂದು ಹಣೆ ಬಡಿದುಕೊಂಡಳು. ಅವಳಿಗಿದ್ದದ್ದು ಅದೊಂದೇ ಚಿಂತೆ.

ಹೀಗಿರುವಾಗ ದೊಡ್ಡ ಊರಿನ ಆಸ್ಪತ್ರೆಯಿಂದ ಜೀಪು ಬಂತು. ನೇಕಾರರ ಮಿದುಳಿನ ಚಿತ್ರ ತೆಗೆದು, ಅದು ಎಷ್ಟು ವಯಸ್ಸಿನದರಂತೆ ಕಾಣುತ್ತದೆಂದು ಯಂತ್ರದಿಂದ ಅಂದಾಜು ಮಾಡಿಸಿ, ಅವರ ನೆನಪಿನ ಶಕ್ತಿಯ ಜೊತೆ ತಾಳೆ ನೋಡುವವರು. ಮಲಕಪ್ಪನನ್ನೂ ಕರೆದೊಯ್ದರು. ಆಸ್ಪತ್ರೆಯಲ್ಲಿದ್ದ ಮೇಡಂ ಅವನಿಗೆ ಐದು ಮಾತು ಹೇಳಿದಳು. "ನೆನಪಿಟ್ಟುಕೊಳ್ಳಿ, ಆಮೇಲೆ ಕೇಳ್ತೀನಿ" ಅಂದಳು. ಬಳಿಕ ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. "ಕೈಕಾಲು ಅಲ್ಲಾಡಿಸಬೇಡಿ" ಅಂದರು.

ಮಲಕಪ್ಪ ಕೈಕಾಲು ಅಲ್ಲಾಡಿಸಲಿಲ್ಲ. ತಲೆಯ ಸುದ್ದಿಯನ್ನು ಅವರು ಎತ್ತಿರಲೇ ಇಲ್ಲ. ಆ ಊರಿನ ಮಗ್ಗದ ಮನೆಗಳಲ್ಲಿ ಸೀರೆಯ ಸೆರಗಿನ ಬಣ್ಣಗಳನ್ನು ನೆನಪಿಡುವುದೇ ತಲೆ ತೂಗಿ, ಒಂದೊಂದು ಬಣ್ಣಕ್ಕೆ ಒಂದೊಂದು ಸಣ್ಣ ತೂಗು. ಮಲಕಪ್ಪ ಯಂತ್ರದೊಳಗೆ ಮಲಗಿ ಐದೂ ಮಾತಿಗೆ ತಲೆ ತೂಗುತ್ತಲೇ ಇದ್ದ.

ಹೊರಗೆ ಬಂದಾಗ ಮೇಡಂ ಊಟಕ್ಕೆ ಹೋಗಿದ್ದಳು. ಊರಿಗೆ ಬಿಡುವ ಜೀಪು ಹೊರಟು ನಿಂತಿತ್ತು. ಮಾತು ಕೇಳುವವರೇ ಇಲ್ಲ. ಕೆಲವು ದಿನದ ಮೇಲೆ ಫೋನು ಬಂತು. "ನಿಮ್ಮ ಮಿದುಳಿಗೆ ಅರವತ್ತೊಂದು ವರ್ಷ." ಅಷ್ಟೇ, ಇಟ್ಟುಬಿಟ್ಟರು.

ಸೋಮವಾರ ಮಗ್ಗಕ್ಕೆ ಹೋಗುವ ಮೊದಲು ತಾಯಿಯ ಕಾಲು ಮುಟ್ಟುವುದು ಆ ಮನೆಯ ರೂಢಿ. ಮಲಕಪ್ಪ ಕೈ ಚಾಚಿ ಕಾಲು ಮುಟ್ಟಿದ, ತಲೆಯನ್ನು ಮಾತ್ರ ಒಂಟೆಯ ಹಾಗೆ ಮೇಲೆತ್ತಿ ಹಿಡಿದ.

"ತಲಿ ಯಾಕ ಬಗ್ಗಸವಲ್ಲಿ?"

"ನಿನಗ ಐವತ್ತೇಳವ್ವ. ತಲಿಗೆ ಅರವತ್ತೊಂದು. ಹಿರೇದು ಸಣ್ಣಾರಿಗೆ ಬಗ್ಗಬಾರದು."

"ನಿನ್ನ ಹಡದಾಕಿ ನಾನಲೇ."

"ಕೈಕಾಲು ಹಡದಿ. ತಲಿ ನಿನಗಿಂತ ಮೊದಲ ಹುಟ್ಟೇತಿ."

ಸಾತವ್ವನಿಗೆ ಸಿಟ್ಟು ನೆತ್ತಿಗೇರಿತು. "ತಲಿ ಅಷ್ಟು ಹಿರೇದಿದ್ರ ಹೋಗಿ ಹಿರ್ಯಾರ ಜಾಗಾದಾಗ ಕುಂಡ್ರಿಸು."

ಸರಿ, ಮಲಕಪ್ಪ ಬಸ್ಸು ಹತ್ತಿದ. ಹಿರಿಯ ನಾಗರಿಕರ ಸೀಟು ಖಾಲಿಯಿತ್ತು. ಕೆಳಗೆ ಮೊಣಕಾಲೂರಿ, ಸೀಟಿನ ಮೇಲೆ ತಲೆಯನ್ನಷ್ಟೇ ಇಟ್ಟ.

ಕಂಡಕ್ಟರ್ ಬಂದ. "ಏನೋ ಇದು, ಎಮ್ಮಿಗತೆ?"

"ತಲಿಗಷ್ಟ ಅರವತ್ತೊಂದ್ರಿ. ಉಳಿದದ್ದಕ್ಕ ಸೀಟು ಬ್ಯಾಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ರಟ್ಟೆ ಹಿಡಿದು ಎಬ್ಬಿಸಿದ. "ಅರ್ಧಾಮರ್ಧಾ ಮಾಡಬ್ಯಾಡೋ ಮಾರಾಯಾ. ಏನು ಮಾಡಿದ್ರೂ ಪೂರಾ ಮಾಡು."

ಆ ಬುದ್ಧಿಮಾತನ್ನು ಮಲಕಪ್ಪ ಜೋಪಾನವಾಗಿ ಮನೆಗೆ ತಂದ.

ಅಷ್ಟರಲ್ಲಿ ಸಾತವ್ವ ಎಲ್ಲೆಲ್ಲೋ ತಿರುಗಿ ಒಂದು ಸಂಬಂಧ ಹುಡುಕಿದ್ದಳು. ಹುಡುಗಿಯ ಹೆಸರು ರುದ್ರವ್ವ. ತಾಯಿ ಮಗ ಹೋಗಿ ಚಾಪೆಯ ಮೇಲೆ ಕೂತರು, ಅವಲಕ್ಕಿ ಬಂತು. ಹುಡುಗಿಯ ಸೋದರಮಾವ ಕೇಳಿದ, "ವಯಸ್ಸೆಷ್ಟು ತಮ್ಮಾ?"

"ತೊಂಬತ್ತಾರ್ರಿ."

"ಮೂವತ್ತೈದು, ಮೂವತ್ತೈದು" ಅಂದಳು ಸಾತವ್ವ.

"ಅದು ಅರ್ಧಾ ಅವ್ವ. ತಲಿದೂ ಕೂಡಿಸಿ ಪೂರಾ ಹೇಳೀನಿ."

ಬಾಗಿಲ ಹಿಂದೆ ರುದ್ರವ್ವ ನಕ್ಕಳು. ಹಂಗಿಸುವ ನಗೆಯಲ್ಲ. ಮಲಕಪ್ಪ ಆ ಕಡೆ ತಿರುಗಿದ. ಆದರೆ ಸೋದರಮಾವ ಆಗಲೇ ಎದ್ದು ನಿಂತಿದ್ದ. ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಸಾತವ್ವ ಅತ್ತಳು. "ಒಂದು ಜೀವ ಸಿಗ್ತಿತ್ತು ನಿನಗ, ಮಾತಿಗೆ. ಬಾಯಾಗ ಮಣ್ಣು ಹಾಕಿದಿ. ಇನ್ನ ಮ್ಯಾಲೆ ಯಾರರ ಕೇಳಿದ್ರಷ್ಟ ಬಾಯಿ ಬಿಡು."

ಮಲಕಪ್ಪ ಬಾಯಿ ಮುಚ್ಚಿದ. ಯಾರೂ ಏನೂ ಕೇಳಲಿಲ್ಲ. ಮಗ್ಗದ ಮನೆಯಲ್ಲಿ ಅವನಿಗೆ "ಅಜ್ಜ" ಎಂದು ಹೆಸರಿಟ್ಟರು, ಮಾಲೀಕ ಮೂಲೆಗೆ ಕೂರಿಸಿದ. ಊಟದ ಹೊತ್ತಿಗೆ ಎಲ್ಲರೂ ಒಂದು ಕಡೆ, ಅವನೊಬ್ಬನೇ ಒಂದು ಕಡೆ. ತಲೆ ತೂಗುತ್ತ ಕೂತಿರುತ್ತಿದ್ದ. ಮುದಿತನದ ನಡುಕ ಅಂದುಕೊಂಡರು ಜನ. ಯಾಕೆಂದು ಒಬ್ಬನೂ ಕೇಳಲಿಲ್ಲ.

ಕೊನೆಗೆ ಸಾತವ್ವ ಅವನನ್ನು ಊರಿನ ಡಾಕ್ಟರ ಬಳಿ ಕಳಿಸಿದಳು. ಡಾಕ್ಟರ್ ಕೇಳಿದರು, "ಯಾಕೋ ತಲಿ ತೂಗತಿ?"

ಕೇಳಿದರಲ್ಲ, ಮಲಕಪ್ಪ ಬಾಯಿ ಬಿಟ್ಟ. "ಐದು ಮಾತು ನೆನಪಿಟ್ಟೀನ್ರಿ. ಯಂತ್ರದಾಗೂ ಹಿಂಗ ತೂಗೀನ್ರಿ. ತಲಿಗೆ ಅರವತ್ತೊಂದು ಅಂದ್ರು."

ಡಾಕ್ಟರಿಗೆ ನಗು ಬಂತು. "ಅಲ್ಲಾಡಿದ ಚಿತ್ರ ಮುದಿಯಾಗೇ ಕಾಣ್ತದಪ್ಪ. ಅಲ್ಲಾಡದಿದ್ರೂ ಅದು ಬರೇ ಅಂದಾಜು. ಮುದಿ ಕಾಣೋ ಮಿದುಳಿನವರನ್ನ ಗುಂಪಿನಾಗ ನೋಡಿದ್ರ ನೆನಪಿನಾಗ ತುಸು ಹಿಂದ ಇರ್ತಾರ, ಅಷ್ಟ. ಅದರ ಮ್ಯಾಲಿಂದ ಒಬ್ಬನ ಬುದ್ಧಿ ಅಳೆಯಾಕ ಬರಂಗಿಲ್ಲ. ನೂರಾರು ಮಂದಿ ಕೂಡಿದಾಗಷ್ಟ ಆ ಸಂಖ್ಯೆಗೆ ಅರ್ಥ. ಒಬ್ಬನ ಇದ್ರ ಅರ್ಥ ಇಲ್ಲ. ಹೋಗು."

ಆ ಐದು ಮಾತು ಯಾವುವೆಂದು ಡಾಕ್ಟರೂ ಕೇಳಲಿಲ್ಲ. ಹೊರಗೆ ಜನ ಸಾಲುಗಟ್ಟಿ ಕಾಯುತ್ತಿದ್ದರು.

ಮಲಕಪ್ಪ ಮನೆಗೆ ಹೋಗಲಿಲ್ಲ. ನೂರಾರು ಮಂದಿ ಕೂಡುವ ಜಾಗ ಬಸ್ ನಿಲ್ದಾಣ. ಅಲ್ಲಿಗೆ ಹೋಗಿ ಕಲ್ಲುಬೆಂಚಿನ ತುದಿಯಲ್ಲಿ ಕೂತ. ಪಕ್ಕದ ಜಾಗದ ಧೂಳನ್ನು ಟವೆಲಿನಿಂದ ಒರೆಸಿದ. ಬಸ್ಸು ಬಂತು, ಜನ ಇಳಿದರು, ಹೋದರು. ಇನ್ನೊಂದು ಬಂತು. ಅವನು ಇನ್ನಷ್ಟು ಸರಿದು ಜಾಗ ಮಾಡಿದ.

ಈಗ ದಿನವೂ ಅಲ್ಲೇ. ಸಾತವ್ವ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ.

"ಮನಿಗೆ ಬಾರೋ ನನ್ನಪ್ಪಾ. ಯಾರಿಗೆ ಕಾಯ್ತಿ?"

"ಮಂದಿಗವ್ವ. ಒಬ್ಬನ ಇದ್ರ ಅರ್ಥ ಇಲ್ಲಂತ. ಮಂದಿ ಬಂದು ಕುಂತ್ರ ಅರ್ಥ ಬರ್ತೈತಂತ."

ಸಾತವ್ವ ಬಯ್ಯಲು ಬಾಯಿ ತೆರೆದಳು. ಬಯ್ಯದೆ ರೊಟ್ಟಿಯ ಗಂಟು ಬಿಚ್ಚಿ ಅವನ ಮುಂದಿಟ್ಟಳು.

ನಕ್ಕಿರಾ? ನಗಿ, ಪೆದ್ದನೇ ಅವನು. ಆದರೆ ನಕ್ಕು ಬಸ್ಸಿನಲ್ಲೇ ಕೂತಿರಬೇಡಿ. ಇಳಿಯಿರಿ. ಅವನು ಒರೆಸಿಟ್ಟ ಜಾಗದಲ್ಲಿ ಕೂತುಕೊಳ್ಳಿ. ಆ ಐದು ಮಾತು ಯಾವುವೆಂದು ಕೇಳಿ.