ಗೌಳವ್ವನ ಒಪ್ಪಿಗೆ

ಲೋಕ ಆಗಷ್ಟೇ ಸಿದ್ಧವಾಗಿತ್ತು. ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆ ಇನ್ನೂ ದಾರಿ ಹುಡುಕುತ್ತಿತ್ತು. ಆಗ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಗಾಳಿ ಮರದ ಜೊತೆ, ಮರ ಹಕ್ಕಿಯ ಜೊತೆ, ಹಕ್ಕಿ ಹೊಳೆಯ ಜೊತೆ.

ಆ ಕಾಲದಲ್ಲಿ ಗೌಳವ್ವ ಎಂಬ ಹಲ್ಲಿ ಇದ್ದಳು. ಈಗ ನಮ್ಮ ಗೋಡೆಯ ಮೇಲೆ ಓಡಾಡುತ್ತದಲ್ಲ, ಅಂಥದೇ ಹಲ್ಲಿ. ಆದರೆ ಅವಳಿಗೊಂದು ಮಾಯದ ಶಕ್ತಿ ಇತ್ತು. ಅವಳು ಏನು ಹೇಳಿದರೂ ಹಾಗೇ ಆಗಿಬಿಡುತ್ತಿತ್ತು. "ಈ ಕಲ್ಲು ಬೆಚ್ಚಗಾಗಲಿ" ಎಂದರೆ ಕಲ್ಲು ಬೆಚ್ಚಗಾಗುತ್ತಿತ್ತು. "ಒಂದು ನೊಣ ಬರಲಿ" ಎಂದರೆ ನೊಣ ಬರುತ್ತಿತ್ತು.

ಗೌಳವ್ವ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಆದದ್ದನ್ನು ಕೇಳಿ ಅವಳನ್ನು ತಪ್ಪು ತಿಳಿಯುತ್ತೀರಿ. ಬೆಚ್ಚನೆಯ ಕಲ್ಲು, ಒಂದು ನೊಣ, ಒಂದಿಷ್ಟು ನಿದ್ದೆ. ಅವಳ ಆಸೆ ಅಷ್ಟೇ.

ಒಂದು ಮಧ್ಯಾಹ್ನ ಅವಳಿಗೆ ಜೊಂಪು ಹತ್ತಿತ್ತು. ಗಾಳಿ ಮಾತ್ರ ಸುಮ್ಮನಿರದೆ ಅವಳ ಕಣ್ಣಿಗೆ ಮರಳು ತೂರುತ್ತಿತ್ತು.

"ನಿಂತುಬಿಡು ಮಾರಾಯ!" ಎಂದು ಗೊಣಗಿ ಗೌಳವ್ವ ನಿದ್ದೆಹೋದಳು.

ಗಾಳಿ ನಿಂತುಬಿಟ್ಟಿತು. ಬಿದಿರುಮೆಳೆಯ ನಡುವೆ ಎಲ್ಲಿತ್ತೋ ಅಲ್ಲೇ.

ಅದೇ ಹೊತ್ತಿಗೆ ಚಿಟುಕಿ ಗೂಡಿನಿಂದ ಮೊದಲ ಸಲ ಹಾರಿದ್ದಳು. ಚಿಟುಕಿ ಎಂದರೆ ಮರಕುಟಿಗ ತಾಯಿಯ ಒಬ್ಬಳೇ ಮಗಳು. ಹೊಸ ರೆಕ್ಕೆಗೆ ಗಾಳಿಯ ಆಸರೆ ಬೇಕು. ಗಾಳಿಯೇ ಇಲ್ಲ. ಪಾಪ, ಚಿಟುಕಿ ಧೊಪ್ಪನೆ ಕೆಳಗೆ ಬಿದ್ದಳು. ರೆಕ್ಕೆ ಮುರಿಯಿತು.

ತಾಯಿಯ ಕೂಗಿಗೆ ಗೌಳವ್ವ ಎಚ್ಚರಗೊಂಡಳು. ಏನಾಯಿತೆಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. "ಗಾಳಿ ಬೀಸಲಿ! ಮೂಳೆ ಕೂಡಲಿ!" ಎಂದಳು. ಗಾಳಿ ಬೀಸಿತು. ಮೂಳೆ ಕೂಡಿತು. ಆದರೆ ಚಿಟುಕಿ ರೆಕ್ಕೆ ಬಿಚ್ಚಲಿಲ್ಲ.

"ಬೇಡಮ್ಮಾ, ಮತ್ತೆ ಬೀಳ್ತೀನಿ" ಎಂದು ತಾಯಿಯ ಹೊಟ್ಟೆಗೆ ಒತ್ತಿಕೊಂಡಳು.

"ಇವಳ ಭಯ..." ಎಂದು ಗೌಳವ್ವ ಬಾಯಿ ತೆರೆದಳು.

"ಸಾಕು ನಿಲ್ಲಿಸು!" ಎಂದು ತಾಯಿ ಚೀರಿದಳು. "ರೆಕ್ಕೆ ಮುರಿದೆ, ರೆಕ್ಕೆ ಕೂಡಿಸಿದೆ. ನನ್ನ ಮಗಳ ಮನಸ್ಸಿನೊಳಗೆ ಮಾತ್ರ ನಿನ್ನ ಮಾತು ಬರೋದು ಬೇಡ. ಅದು ಅವಳದು."

ಗೌಳವ್ವ ಬಾಯಿ ಮುಚ್ಚಿದಳು. ಅಂಥ ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಮರುದಿನ ಹೊಳೆಯ ದಂಡೆಯಲ್ಲಿ ಸಭೆ ಸೇರಿತು. ಮಾಯದ ಶಕ್ತಿ ಇರುವವಳನ್ನು ಏನು ಮಾಡುವುದು ಎಂಬುದೇ ಸಭೆಯ ಪ್ರಶ್ನೆ. ಹಿರಿಯಳೆಂದು ಹೊಳೆಯಮ್ಮನೇ ಸಭೆ ನಡೆಸಿದಳು.

"ನಾಲಗೆ ಕಿತ್ತುಬಿಡೋಣ, ತಾಪತ್ರಯವೇ ಇರೋದಿಲ್ಲ" ಎಂದಿತು ಕೋತಿ.

"ಹೌದು ಮತ್ತೆ!" ಎಂದಿತು ಗಾಳಿ. "ಅಷ್ಟು ಹೊತ್ತೂ ಬಿದಿರುಮೆಳೆಯಲ್ಲಿ ಮುಳ್ಳು ಚುಚ್ಚಿಸಿಕೊಂಡು ನಿಂತಿದ್ದೆ. ನನಗೇನು ಮಾನ ಮರ್ಯಾದೆ ಇಲ್ಲವೇ?"

ನರಿ ಮೆತ್ತಗೆ ಮುಂದೆ ಬಂದಿತು. "ಕೀಳೋದು ಪಾಪ ಕಣ್ರಪ್ಪಾ. ಅಂಥ ನಾಲಗೆ ಮತ್ತೆ ಸಿಗುತ್ತಾ? ಅವಳು ನನ್ನ ಬಿಲದಲ್ಲಿರಲಿ. ಯಾರಿಗೆ ಏನು ಬೇಕೋ ನನಗೆ ಹೇಳಿ, ಅವಳಿಂದ ಹೇಳಿಸ್ತೀನಿ."

"ಕಬ್ಬು ಸಿಗುತ್ತಾ?" ಆನೆ ಕೇಳಿತು.

"ಗದ್ದೆ ಗದ್ದೆಯೇ ನಿನ್ನದು!"

"ಅವಳು ಹೇಳೋಲ್ಲ ಅಂದ್ರೆ?" ಆಮೆ ಕೇಳಿತು.

"ಹೊಟ್ಟೆಗೆ ಹಾಕದಿದ್ದರೆ ಹೇಳ್ತಾಳೆ ಬಿಡು" ಎಂದು ನರಿ ನಕ್ಕಿತು. ಸಭೆಯೂ ನಕ್ಕಿತು. ಕಬ್ಬಿನ ಆಸೆಗೆ, ಜೇನಿನ ಆಸೆಗೆ, ಎಲ್ಲರ ಬಾಯಲ್ಲೂ ನೀರೂರುತ್ತಿತ್ತು.

ಗೌಳವ್ವ ಕಲ್ಲಿಗೆ ಅಂಟಿಕೊಂಡು ಕೂತಿದ್ದಳು. ಒಂದೋ ನಾಲಗೆ ಹೋಗುತ್ತದೆ, ಇಲ್ಲವೇ ನಾಲಗೆ ನರಿಯದಾಗುತ್ತದೆ. 'ನೀವೆಲ್ಲ ಮೂಕರಾಗಿ' ಎಂದುಬಿಟ್ಟರೆ ಸಾಕಿತ್ತು, ಅವಳು ಗೆದ್ದಂತೆ. ಆ ಮಾತು ನಾಲಗೆಯ ತುದಿಗೂ ಬಂತು. ಆಗ ತಾಯಿಯ ಪಕ್ಕದಲ್ಲಿ ಮುದುಡಿ ಕೂತಿದ್ದ ಚಿಟುಕಿ ಕಂಡಳು. ಗೌಳವ್ವ ಬಾಯಿ ಬಿಗಿಹಿಡಿದಳು.

"ಇವಳನ್ನೂ ಒಂದು ಮಾತು ಕೇಳಬೇಕಲ್ಲ" ಎಂದಳು ಹೊಳೆಯಮ್ಮ.

"ಅಯ್ಯೋ, ಕೇಳಿದರೆ ಅವಳು ಹೇಳಿದ್ದೇ ಆಗಿಹೋಗುತ್ತೆ!" ಎಂದು ಕೋತಿ ಕಿವಿ ಮುಚ್ಚಿಕೊಂಡಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಹಾವಿಗೆ ಕಿವಿಯೇ ಇಲ್ಲ. ಅದು ಬಾಲದಿಂದ ತಲೆ ಮುಚ್ಚಿಕೊಂಡಿತು.

ಹೊಳೆಯಮ್ಮ ಬಂಡೆಯೊಂದನ್ನು ನಿಧಾನವಾಗಿ ಸುತ್ತಿ ಬಂದಳು. ಯೋಚನೆ ಮಾಡುವಾಗ ಹೊಳೆ ಹಾಗೆ ಸುತ್ತುತ್ತದೆ.

"ಹಾಗಾದರೆ ಮಾತು ನಮ್ಮದಿರಲಿ, ಒಪ್ಪಿಗೆ ಅವಳದಿರಲಿ" ಎಂದಳು. "ಗೌಳವ್ವಾ, ನಾನು ಹೇಳಿದ್ದು ಒಪ್ಪಿಗೆಯಾದರೆ ನಾಲಗೆ ಲೊಚಗುಟ್ಟು. ಇಲ್ಲದಿದ್ದರೆ ಸುಮ್ಮನಿರು. ನಿನ್ನ ನಾಲಗೆ ಕೀಳೋಣವೇ?"

ಗೌಳವ್ವ ಸುಮ್ಮನಿದ್ದಳು.

"ನರಿಯ ಬಿಲಕ್ಕೆ ಹೋಗುತ್ತೀಯಾ?"

ಗೌಳವ್ವ ಸುಮ್ಮನಿದ್ದಳು.

"ಇನ್ನು ಮೇಲೆ ನೀನಾಗಿ ಏನನ್ನೂ ಹೇಳುವಂತಿಲ್ಲ. ಬೇರೆಯವರು ಆಡಿದ ಮಾತಿಗೆ, ನಿನಗೆ ಸರಿ ಕಂಡರೆ ಮಾತ್ರ, ಒಪ್ಪಿಗೆ ಕೊಟ್ಟು ಅದನ್ನು ನಿಜ ಮಾಡಬಹುದು. ಆದೀತೇ?"

ಇದನ್ನು ಒಪ್ಪಿದರೆ ಬೆಚ್ಚನೆಯ ಕಲ್ಲು ಇನ್ನಿಲ್ಲ. ಕರೆದರೆ ಬರುವ ನೊಣವೂ ಇಲ್ಲ. ನೊಣದ ಹಿಂದೆ ತಾನೇ ಓಡಬೇಕು. ಗೌಳವ್ವ ಬಹಳ ಹೊತ್ತು ಯೋಚಿಸಿದಳು.

ಲೊಚ ಲೊಚ ಲೊಚ.

ಸಭೆ ಹೋ ಎಂದಿತು.

"ತಡೀರಿ, ಮುಗಿದಿಲ್ಲ" ಎಂದಳು ಹೊಳೆಯಮ್ಮ. "ಯಾರೂ ಅವಳನ್ನು ಒತ್ತಾಯ ಮಾಡಿ ಲೊಚಗುಟ್ಟಿಸುವಂತಿಲ್ಲ. ಹೆದರಿಸುವಂತಿಲ್ಲ, ಆಸೆ ತೋರಿಸುವಂತಿಲ್ಲ. ಅವಳಿಗೊಂದು ಕಟ್ಟುಪಾಡು ಇದ್ದು ನಮಗೆ ಇಲ್ಲವೆಂದರೆ ಅದು ನ್ಯಾಯ ಹೇಗಾದೀತು?"

ಈಗ ಸಭೆ ತಣ್ಣಗಾಯಿತು. ಆಮೆ ಮೊದಲು ತಲೆಯಾಡಿಸಿತು. ಆನೆ ದೊಡ್ಡದಾಗಿ ನಿಟ್ಟುಸಿರುಬಿಟ್ಟು, ಕಬ್ಬನ್ನು ಮರೆತು, ಸೊಂಡಿಲೆತ್ತಿತು. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು.

ನರಿ ಮಾತ್ರ ಬಿಡಲಿಲ್ಲ. "ನಾಳೆಯಿಂದ ನಾನೇ ರಾಜ!" ಎಂದು ಕೂಗಿ ಗೌಳವ್ವನ ಕಡೆ ನೋಡಿತು. ಅವಳು ಸುಮ್ಮನಿದ್ದಳು. "ಎಲೈ, ನಾನೇ ರಾಜ ಅಂದೆ!" ಅವಳು ಕಣ್ಣನ್ನೂ ಅಲುಗಿಸಲಿಲ್ಲ. "ರಾಜನಿಗೆ ಬಿಲ ಸಾಕಾಗುತ್ತೋ ಇಲ್ವೋ ನೋಡ್ಕೊ" ಎಂದು ಕೋತಿ ಹಲ್ಲು ಕಿಸಿಯಿತು.

ಎಲ್ಲರೂ ನಗುತ್ತಿರುವಾಗ ಒಂದು ಸಣ್ಣ ದನಿ ಕೇಳಿಸಿತು. "ನಾಳೆ ನಾನು... ಒಂದು ಸಲ ಹಾರಿ ನೋಡ್ತೀನಿ."

ಅದು ಚಿಟುಕಿಯ ದನಿ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಗೌಳವ್ವನ ನಾಲಗೆ ತುಡಿಯಿತು. ಆದರೂ ಅವಳು ಕಾದಳು. ತಾಯಿ ಬೇಡವೆಂದಿದ್ದು ಅವಳಿಗೆ ನೆನಪಿತ್ತು.

ಚಿಟುಕಿಯೇ ಕತ್ತು ತಿರುಗಿಸಿ ಕೇಳಿದಳು, "ಆಗುತ್ತಾ ಗೌಳವ್ವಾ?"

ಲೊಚ ಲೊಚ ಲೊಚ.

ಮರಕುಟಿಗ ತಾಯಿ ತಾನು ಕೂತ ಕೊರಡಿನ ಮೇಲೆ ಕೊಕ್ಕಿನಿಂದ ಮೆಲ್ಲಗೆ ಕುಟ್ಟಿದಳು. ಟಕ್ ಟಕ್ ಟಕ್. ಕೇಳಿಸಿತು, ನಿನ್ನ ಮೇಲೆ ನನಗಿನ್ನು ಸಿಟ್ಟಿಲ್ಲ ಎಂದು ಅದರ ಅರ್ಥ.

ಮರುದಿನ ಚಿಟುಕಿ ಕೊಂಬೆಯ ತುದಿಗೆ ಬಂದು ರೆಕ್ಕೆ ಬಿಚ್ಚಿದಳು. ಗಾಳಿ ಯಾರೂ ಕರೆಯದೆ ತಾನಾಗಿ ಬಂದು ಅವಳ ಹೊಟ್ಟೆಯಡಿ ನಿಂತಿತು. ಅವಳು ಹೊಳೆ ದಾಟಿ ಹಾರಿದಳು.

ಮುಂದೆ ಮನುಷ್ಯರು ಬಂದು ಮನೆ ಕಟ್ಟಿಕೊಂಡಾಗ, ಎಲ್ಲರ ಮಾತೂ ಕೇಳಿಸಲಿ, ಎಲ್ಲರ ಕಣ್ಣಿಗೂ ಕಾಣಿಸುತ್ತಿರಲಿ ಎಂದು ಗೌಳವ್ವನಿಗೆ ಗೋಡೆಯ ಮೇಲೆ ಜಾಗ ಕೊಟ್ಟರು. ಅದಕ್ಕೇ ಇವತ್ತಿಗೂ ಹಲ್ಲಿ ತಾನಾಗಿ ಮಾತು ಶುರುಮಾಡುವುದಿಲ್ಲ, ನೀವು ಎಷ್ಟು ಗೋಗರೆದರೂ ಬೇಕೆಂದಾಗ ಲೊಚಗುಟ್ಟುವುದಿಲ್ಲ. ಆದರೆ ನೀವೇನೋ ಒಳ್ಳೆಯ ಮಾತು ಆಡಿದ ಹೊತ್ತಿಗೆ ಗೋಡೆಯಿಂದ ಲೊಚ ಲೊಚ ಕೇಳಿಸಿದರೆ, ನಿಮ್ಮ ಅಜ್ಜಿ ಮರಕುಟಿಗ ತಾಯಿಯ ಹಾಗೇ ಬೆರಳಿನಿಂದ ನೆಲವನ್ನು ಟಕ್ ಟಕ್ ಟಕ್ ಎಂದು ಕುಟ್ಟುತ್ತಾರೆ.