ತಂಬೂರಿಯ ಶ್ರುತಿ ಇಳಿಸಿದ ದಿನ

ಪೂಜ್ಯ ಅಮೃತಾಂಬಾ ಮಾತೆಯವರು ಹಿರಿಯೂರಿನಲ್ಲಿ ನೆಲೆಸಿದ್ದ ಹದಿನಾಲ್ಕು ವರ್ಷಗಳಲ್ಲಿ ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ನಿಂತುಹೋದ ಎಣ್ಣೆ ಮಿಲ್ಲಿನ ಹಿಂದೆ ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ, ನಾಲ್ಕು ಚಾಪೆ, ಒಂದು ತಂಬೂರಿ, ಗೋಡೆಯ ಮೇಲೆ ಅವರ ಗುರುಗಳ ಪಟ. ಬಿಸಿಲಿಗೆ ತಗಡು ಕಾದಾಗ ನೆಲದಿಂದ ಕಡಲೆಕಾಯಿ ಹಿಂಡಿಯ ವಾಸನೆ ಏಳುತ್ತಿತ್ತು. ಅಲ್ಲಿಯೇ ಅಮ್ಮನವರು ಗುರುವಾರ ಮತ್ತು ಭಾನುವಾರ ಮಧ್ಯಾಹ್ನ ಹೆಂಗಸರಿಗೆ ದೇವರನಾಮ ಕಲಿಸುತ್ತಿದ್ದರು. ನಲವತ್ತು ದಾಟದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. "ಮಕ್ಕಳಿಗೆ ಕಲಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ" ಎಂದು ಒಮ್ಮೆ ಅಪ್ಪಣೆ ಕೊಡಿಸಿದ್ದರು.

ಬಿ.ಎ. ಓದಿದವಳೆಂದು ಹಾಜರಿ ಪುಸ್ತಕವನ್ನು ನನಗೆ ಒಪ್ಪಿಸಿದ್ದರು. ೧೯೯೪ರ ಆರಾಧನೆಯ ಪ್ರಸಂಗವನ್ನು ಈಗ ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ತಂಬೂರಿ ತಾನಾಗಿಯೇ ನುಡಿಯಿತು ಎನ್ನುವವರೂ ಇದ್ದಾರೆ. ಹಾಗೇನೂ ಆಗಲಿಲ್ಲ. ಆದದ್ದನ್ನು ನಾನು ಅದೇ ದಿನ ಬರೆದಿಟ್ಟಿದ್ದೇನೆ.

ಆಗ ನಾವು ಇಪ್ಪತ್ತೆರಡು ಮಂದಿ. ಕೊನೆಗೆ ಸೇರಿದವರು ಪುಟ್ಟಗೌರಮ್ಮ. ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವರು. ಹಿಂದಿನ ವರ್ಷ ಗಂಟಲಿಗೆ ಆಪರೇಷನ್ ಆಗಿ, ಕತ್ತಿನಲ್ಲಿ ಅಡ್ಡಕ್ಕೆ ಗೆರೆ ಉಳಿದಿತ್ತು. ಮೂರು ತಿಂಗಳು ಹಿಂದಿನ ಸಾಲಿನಲ್ಲಿ ಕುಳಿತು ಅವರು ಬರೀ ತುಟಿ ಆಡಿಸುತ್ತಿದ್ದರು. ಅದು ನನಗೆ ತಿಳಿದಿತ್ತು. ಒಮ್ಮೆ ನಾನೇ ಅವರ ಕಿವಿಯಲ್ಲಿ, "ಹೀಗೇ ಇರಲಿ ಗೌರಮ್ಮ, ಗುಂಪಿನಲ್ಲಿ ಯಾರಿಗೂ ಗೊತ್ತಾಗೋಲ್ಲ" ಎಂದಿದ್ದೆ. ಸುಳ್ಳು ಬರೆಯಬಾರದೆಂದು ಇದನ್ನೂ ಬರೆಯುತ್ತಿದ್ದೇನೆ.

ಅಮ್ಮನವರ ಗುರುಗಳ ಆರಾಧನೆಗೆ ನಾವೆಲ್ಲ ಸೇರಿ ಹಾಡುವುದೆಂದಾಯಿತು. ಜೊತೆಗೆ ಪಿಟೀಲು ನುಡಿಸಲು ವಿದ್ವಾನ್ ಮಾರ್ಕಂಡೇಯ ಶಾಸ್ತ್ರಿಗಳು ಒಪ್ಪಿದರು. ಜಿಲ್ಲೆಯಲ್ಲೆಲ್ಲ ಹೆಸರಾದವರು, ಪಾಠಕ್ಕೆ ಬಂದವರ ಕಿವಿ ಸರಿಯಿಲ್ಲವೆಂದು ಕಂಡರೆ ಮೊದಲ ದಿನವೇ ಎಬ್ಬಿಸಿ ಕಳಿಸುತ್ತಾರೆಂದೂ ಹೆಸರಾದವರು. ಹಿಂದಿನ ದಿನ ಅಭ್ಯಾಸಕ್ಕೆ ಬಂದರು. ಹೆಂಗಸರ ಗುಂಪಿಗೆ ರೂಢಿಯಿರುವಂತೆ ತಂಬೂರಿ ಎತ್ತರದ ಐದು ಮನೆ ಶ್ರುತಿಗೆ ಸೇರಿತ್ತು. ಪಲ್ಲವಿ ಮುಗಿದು ಅನುಪಲ್ಲವಿ ಮೇಲಕ್ಕೆ ಏರುವಾಗ ಶಾಸ್ತ್ರಿಗಳು ಕಮಾನು ಎತ್ತಿಬಿಟ್ಟರು.

"ಇಪ್ಪತ್ತೊಂದು ಜನ ಮೆಟ್ಟಿಲು ಹತ್ತುತ್ತಿದ್ದೀರಿ. ಒಬ್ಬರು ಕೆಳಗೇ ನಿಂತು ಕೂಗುತ್ತಿದ್ದಾರೆ. ಯಾರದು?"

ಶಾಸ್ತ್ರಿಗಳು ಒಬ್ಬೊಬ್ಬರನ್ನೇ ಹಾಡಿಸತೊಡಗಿದರು. ಐವತ್ತು ದಾಟಿದ ಗೃಹಿಣಿಯರು, ಮೊಮ್ಮಕ್ಕಳಿರುವವರು, ಶಾಲೆಯ ಹುಡುಗಿಯರಂತೆ ನಡುಗುತ್ತಾ ಒಂದೊಂದು ಸಾಲು ಹಾಡಿದೆವು. ಕೊನೆಗೆ ಪುಟ್ಟಗೌರಮ್ಮನವರ ಸರದಿ. ಅವರ ಸ್ವರ ಅರ್ಧಕ್ಕೆ ಹೋಗಿ ಒಡೆಯಿತು.

"ಇವರೇ" ಎಂದರು ಶಾಸ್ತ್ರಿಗಳು. "ತಾಯಿ, ನಾಳೆ ನೀವು ಬಾಯಿ ಆಡಿಸಿ ಸಾಕು. ಶಬ್ದ ಬೇಡ."

"ಇಷ್ಟು ದಿನ ಅದೇ ಮಾಡಿದ್ದೀನಿ ಸ್ವಾಮಿ. ಆದರೆ ಬಾಯಿ ಆಡಿಸಿದರೆ ಹರಕೆ ತೀರುತ್ತಾ?"

ಆಗಲೇ ನಮಗೆ ವಿಷಯ ತಿಳಿದದ್ದು. ಆಪರೇಷನ್ ಮಾಡಿದರೆ ಧ್ವನಿ ಪೂರ್ತಿ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಧ್ವನಿ ಉಳಿಸಿದರೆ ವರ್ಷ ತುಂಬುವುದರೊಳಗೆ ಹತ್ತು ಜನರ ನಡುವೆ ಕೂತು ಒಂದು ದೇವರನಾಮ ಹಾಡುತ್ತೇನೆಂದು ಇವರು ದೇವರಿಗೆ ಮಾತು ಕೊಟ್ಟಿದ್ದರು. ವರ್ಷ ತುಂಬಲು ನಾಲ್ಕು ದಿನ ಉಳಿದಿತ್ತು.

"ಹರಕೆ ನಿಮ್ಮದು, ಮಾನ ನನ್ನದು" ಎಂದರು ಶಾಸ್ತ್ರಿಗಳು. "ಚಿತ್ರದುರ್ಗದಿಂದ ನಾಲ್ಕು ಜನ ವಿದ್ವಾಂಸರು ಬರುತ್ತಾರೆ. ಅಮ್ಮನವರು ಕ್ಷಮಿಸಬೇಕು. ನಾಳೆ ಈಕೆ ಹಾಡಿದರೆ ನಾನು ಪಿಟೀಲು ಮುಟ್ಟೋಲ್ಲ."

ನಾವೆಲ್ಲ ಅಮ್ಮನವರ ಮುಖ ನೋಡಿದೆವು. ಅವರು ಪುಟ್ಟಗೌರಮ್ಮನವರನ್ನೇ ನೋಡುತ್ತಿದ್ದರು. "ಮೂರು ತಿಂಗಳ ಮೇಲೆ ನಿಮ್ಮ ಧ್ವನಿ ಕೇಳಿತು. ನಾಳೆ ಬನ್ನಿ" ಎಂದಷ್ಟೇ ಹೇಳಿ ಎದ್ದುಹೋದರು. ನನ್ನ ಕಿವಿ ಬಿಸಿಯಾಯಿತು.

ಮರುದಿನ ಹತ್ತು ಗಂಟೆಗೆ ಕೋಣೆ ತುಂಬಿ, ಜನ ಅಂಗಳದಲ್ಲೂ ನಿಂತಿದ್ದರು. ಪುಟ್ಟಗೌರಮ್ಮ ಬಂದರು. ನಮ್ಮ ಜೊತೆ ಕೂರದೆ, ಚಪ್ಪಲಿ ಬಿಡುವ ಬಾಗಿಲ ಬಳಿಯೇ ಗೋಡೆಗೆ ಒರಗಿದರು. ಶಾಸ್ತ್ರಿಗಳು ಪಿಟೀಲು ಹಿಡಿದು, ಅವರ ಕಡೆ ಒಮ್ಮೆ ನೋಡಿ, ಸಮಾಧಾನದಿಂದ ಕಮಾನಿಗೆ ರಾಳ ಉಜ್ಜಿದರು.

ಅಮ್ಮನವರು ದಯಮಾಡಿಸಿದರು. ಗುರುಗಳ ಪಟಕ್ಕೆ ನಮಸ್ಕರಿಸಿ ತಂಬೂರಿ ತೆಗೆದುಕೊಂಡು ಕುಳಿತರು. ನಮ್ಮ ಕಡೆ ತಿರುಗಲೇ ಇಲ್ಲ.

"ಗೌರಮ್ಮ, ಇಲ್ಲಿ ಬನ್ನಿ. ಒಂದು ಸಾಲು ಹಾಡಿ."

ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಇಷ್ಟು ಜನರ ಮುಂದೆ ಇನ್ನೊಮ್ಮೆ ಏಕೆ ಪರೀಕ್ಷೆ ಎಂದು ಅಮ್ಮನವರ ಮೇಲೆ ಮನಸ್ಸಿನಲ್ಲೇ ಸಿಟ್ಟಾದೆ. ಪುಟ್ಟಗೌರಮ್ಮ ಕಣ್ಣು ಮುಚ್ಚಿ ಹಾಡಿದರು. ತಂಬೂರಿ ಒಂದು ಕಡೆ, ಅವರ ಧ್ವನಿ ಇನ್ನೊಂದು ಕಡೆ. ಅಂಗಳದಲ್ಲಿ ಯಾರೋ ನಕ್ಕರು.

ಅಮ್ಮನವರು ಅಂಗೈಯಿಂದ ತಂತಿಗಳನ್ನು ಹಿಡಿದು ನಿಲ್ಲಿಸಿದರು. "ನಿಲ್ಲಿಸಬೇಡಿ. ಹಾಡುತ್ತಿರಿ" ಎಂದು, ಬಿರಡೆಯ ಮೇಲೆ ಕೈಯಿಟ್ಟು ಮೊದಲ ತಂತಿಯನ್ನು ಇಳಿಸಿದರು. ಕಿವಿಗೊಟ್ಟು ಇನ್ನೂ ಸ್ವಲ್ಪ ಇಳಿಸಿದರು. ಆಮೇಲೆ ಎರಡನೆಯದು, ಮೂರನೆಯದು. ತುಂಬಿದ ಸಭೆ ಕಾಯುತ್ತಿತ್ತು. ಮುಂದಿನ ಸಾಲಿನ ವಿದ್ವಾಂಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶಾಸ್ತ್ರಿಗಳಿಗೆ ತಡೆಯಲಾಗಲಿಲ್ಲ. "ಅಮ್ಮ, ಇದೇನು! ಇವರೊಬ್ಬರಿಗೋಸ್ಕರ ಇಪ್ಪತ್ತೊಂದು ಜನರ ಶ್ರುತಿ ಕೆಡಿಸುತ್ತೀರಾ?"

ಅಮ್ಮನವರು ಕೈ ನಿಲ್ಲಿಸದೆ ಅಪ್ಪಣೆ ಕೊಡಿಸಿದರು: "ಅವರ ಗಂಟಲು ಮೇಲೆ ಬರಲಾರದು. ತಂತಿ ಕೆಳಗೆ ಹೋಗಬಲ್ಲದು."

ನಾಲ್ಕನೆಯ ತಂತಿಯೂ ಸೇರಿತು. ಅಮ್ಮನವರು ಮೀಟಿದರು. ಮೂರು ಮನೆಯ ಹತ್ತಿರ, ನಾವು ಹೆಂಗಸರು ಎಂದೂ ಹಾಡದ ಗಂಭೀರ ಶ್ರುತಿ. ಅದರೊಳಗೆ ಪುಟ್ಟಗೌರಮ್ಮನವರ ಧ್ವನಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಿಂತಿತ್ತು.

"ಎಲ್ಲರೂ" ಎಂದರು ಅಮ್ಮನವರು.

ನಾವು ಆರಂಭಿಸಿದೆವು. ಮೇಲಿನ ಸ್ವರಗಳಲ್ಲಿ ಹೇಗೋ ಸುಧಾರಿಸಿಕೊಂಡೆವು. ಶಾಸ್ತ್ರಿಗಳು ಪಿಟೀಲನ್ನು ತೊಡೆಯ ಮೇಲೆ ಮಲಗಿಸಿ ಕೈ ಕಟ್ಟಿ ಕುಳಿತಿದ್ದರು. ಚರಣದಲ್ಲಿ ಹಾಡು ಮಂದ್ರಕ್ಕೆ ಇಳಿಯುತ್ತದೆ. ಅಲ್ಲಿ ನಮ್ಮ ಧ್ವನಿಗಳು ಒಂದೊಂದಾಗಿ ಸೋತವು. ಗುಂಪಿನಲ್ಲೇ ಒಳ್ಳೆಯ ಶಾರೀರವೆಂದು ಹೊಗಳಿಸಿಕೊಂಡಿದ್ದ ನನಗೂ ಬರೀ ಗಾಳಿ ಬಂತು. ಸೋತವರೆಲ್ಲ ತುಟಿ ಆಡಿಸುತ್ತಾ ಕುಳಿತೆವು. ಉಳಿದದ್ದು ಒಂದೇ ಧ್ವನಿ. ಒರಟು, ಅಂಚಿನಲ್ಲಿ ಹರಿದಂತಹ ಧ್ವನಿ. ಆದರೆ ಶ್ರುತಿಗೆ ಅಂಟಿ ನಡೆಯುತ್ತಿತ್ತು. ಚರಣವನ್ನು ಪೂರ್ತಿ ಅವರೊಬ್ಬರೇ ಹಾಡಿದರು.

ಎರಡನೆಯ ಚರಣದ ಹೊತ್ತಿಗೆ ಕಿರ್ ಎಂದು ಒಂದು ಸದ್ದಾಯಿತು. ಶಾಸ್ತ್ರಿಗಳು ತಲೆ ಬಗ್ಗಿಸಿ ಪಿಟೀಲಿನ ಬಿರಡೆಗಳನ್ನು ಸಡಿಲಿಸುತ್ತಿದ್ದರು. ಆ ನಾಲ್ಕು ಜನ ವಿದ್ವಾಂಸರ ಎದುರಿನಲ್ಲಿ, ಹಾಡಿನ ನಡುವೆ, ಕಣ್ಣೊರೆಸಿಕೊಳ್ಳಲೂ ಕೈಗೆ ಬಿಡುವಿಲ್ಲದೆ. ಮೂರನೆಯ ಚರಣಕ್ಕೆ ಪಿಟೀಲು ಕೆಳಗಿನಿಂದ ಮೆಲ್ಲನೆ ಬಂದು ಆ ಧ್ವನಿಯ ಜೊತೆ ಸೇರಿತು.

ಮಂಗಳಾರತಿಯಾದ ಮೇಲೆ ಪುಟ್ಟಗೌರಮ್ಮ ಪಟದ ಮುಂದೆ ಉದ್ದಂಡ ಬಿದ್ದು ಬಹಳ ಹೊತ್ತು ಏಳಲಿಲ್ಲ. ಶಾಸ್ತ್ರಿಗಳು ಅಮ್ಮನವರ ಪಾದದ ಬಳಿ ಕುಳಿತರು.

"ಮೂವತ್ತು ವರ್ಷದಲ್ಲಿ ಎಷ್ಟು ಜನರನ್ನು ಎಬ್ಬಿಸಿ ಕಳಿಸಿದ್ದೀನೋ ಅಮ್ಮ. ಲೆಕ್ಕವಿಲ್ಲ."

"ನೆನಪಿರುವವರನ್ನು ಹೋಗಿ ಕರೆಯಿರಿ" ಎಂದು ಅಮ್ಮನವರು ಪ್ರಸಾದ ಕೊಟ್ಟರು.

ಮುಂದಿನದನ್ನು ಶಾಸ್ತ್ರಿಗಳ ಪತ್ನಿ ಭಾಗೀರಥಮ್ಮನವರೇ ನನಗೆ ಹೇಳಿದ್ದು. ಅವರ ಮಾತಿನಲ್ಲೇ ಕೊಡುತ್ತೇನೆ.

"ಮದುವೆಯಾದ ಹೊಸತರಲ್ಲಿ ಒಂದು ದಿನ ಹಾಡಿಕೊಳ್ಳುತ್ತಿದ್ದೆ ಕಣ್ರೀ. ನಿಲ್ಲಿಸು, ಕಿವಿ ನೋಯುತ್ತೆ ಅಂದಿದ್ದರು. ಆಮೇಲೆ ಈ ಮನೆಯಲ್ಲಿ ನಾನು ಬಾಯಿ ಬಿಟ್ಟಿಲ್ಲ. ಆವತ್ತು ಆರಾಧನೆಯಿಂದ ಬಂದವರು ಅಂಗಿ ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತರು. ಒಂದು ಸಾಲು ಹಾಡು ಅಂದರು. ಒಗ್ಗರಣೆ ಸೀದುಹೋಗುತ್ತೆ ಅಂದೆ. ಸೀಯಲಿ ಅಂದರು."