ಗುರುಪಾದ ಸರ್ವರ್ ಕಟ್ಟಿದ್ದು

ಈ ಕತೆ ಹೇಳಲು ಕೂತರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಆದರೂ ಕೇಳಿ. ಬಾಗಲಕೋಟೆಯಲ್ಲಿ ನೀಲಗಂಗವ್ವ ಅಂತ ಒಬ್ಬ ಟೀಚರು. ಕಣ್ಣು ಕಾಣದು, ಬುದ್ಧಿ ಮಾತ್ರ ಬಲು ಚುರುಕು. ಅವಳಿಗೊಬ್ಬ ಮಗ, ಗುರುಪಾದ. ಅವನಿಗೆ ಕಣ್ಣೆರಡೂ ಸರಿಯಾಗಿದ್ದವು. ಸರಿಯಾಗಿದ್ದದ್ದು ಅವೆರಡೇ.

ನೀಲಗಂಗವ್ವ ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸಿ, ಇತಿಹಾಸದ ಪಾಠವನ್ನೆಲ್ಲ ಓದಿ ರೆಕಾರ್ಡ್ ಮಾಡಿದ್ದಳು. ಕಣ್ಣು ಕಾಣದ ಹದಿನಾರು ಮಕ್ಕಳು ಬೇರೆ ಬೇರೆ ಊರಲ್ಲಿ ಫೋನ್ ಹಿಡಿದು ಅದಕ್ಕೇ ಕಾಯುತ್ತಿದ್ದರು. ಸೋಮವಾರ ಪರೀಕ್ಷೆ. ಪಾಠ ಕೇಳಿಸುವ ಸರ್ವರ್ ತಂತ್ರಾಂಶ ಪುಕ್ಕಟೆ ಸಿಗುತ್ತಿತ್ತು, ಆದರೆ ವಿಂಡೋಸ್‌ಗೆ ಸಿದ್ಧ ಮಾಡಿಟ್ಟದ್ದು ಇರಲಿಲ್ಲ. ಮೂಲ ಕೋಡ್ ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳಬೇಕು. ಹೇಗೆಂದು ಒಂದು ಪುಟದಲ್ಲಿ ಬರೆದಿದ್ದರು.

ಭಾನುವಾರ ಬೆಳಿಗ್ಗೆ ತಾಯಿ ಅಂದಳು, "ಪುಟದಾಗ ಬರದಂಗ ಮಾಡು."

ಪುಟದಲ್ಲಿ 'ಇಲ್ಲಿ ನಿಮ್ಮ ಫೋಲ್ಡರಿನ ಹೆಸರು' ಅಂತಿತ್ತು. ಗುರುಪಾದ ಅದನ್ನೇ ಹೊಡೆದ. ಅಂಥ ಫೋಲ್ಡರ್ ಇಲ್ಲ ಅಂತು ಕಂಪ್ಯೂಟರು.

"ಏನ್ ಹೊಡದಿ?"

"ಬರದಿದ್ದನ್ನ ಬರದಂಗ ಹೊಡದೆ."

"ನಿನ್ನ ತಲಿಯಾಗ ಏನೈತೋ? ಅವರು ಬರದಿದ್ದು ತಗದು ನಮ್ಮ ಹೆಸರು ಹಾಕಬೇಕು."

"ಹೂಂ ಬೇ."

ಮುಂದಿನ ಸಾಲಿನಲ್ಲಿ ಕೋಡ್ ಕಟ್ಟುವ ಕಂಪೈಲರಿನ ಹೆಸರಿತ್ತು. ಅದನ್ನು ತೆಗೆದ, 'ನೀಲಗಂಗವ್ವ' ಅಂತ ಹಾಕಿದ. ಎರರ್ ಬಂತು. ಮತ್ತೆ ಹಾಕಿದ, ಮತ್ತೆ ಎರರ್. ಮಧ್ಯಾಹ್ನದ ತನಕ ಹೆತ್ತ ತಾಯಿಯ ಹೆಸರನ್ನೇ ಹೊಡೆಯುತ್ತ ಕೂತಿದ್ದ.

"ಹುಚ್ಚಪ್ಯಾಲಿ, ಎರರ್ ಅಂತ ಕಂಡಕೂಡಲೇ ನಿಲ್ಲಿಸಿ ನನ್ನ ಕರೀಬೇಕು."

"ಹೂಂ ಬೇ."

ತಾಯಿ ಸರಿಯಾದ ಹೆಸರು ಹಾಕಿಸಿದಳು. ಸಾವಿರದ ನಾನೂರು ಫೈಲುಗಳು ಒಂದೊಂದಾಗಿ ಕಟ್ಟಿಕೊಳ್ಳತೊಡಗಿದವು. ಸಾವಿರದ ಮುನ್ನೂರು ಮುಗಿದಿದ್ದವು. ಆಗ ಬಂದ ಒಂದು ಫೈಲಿನ ಹೆಸರೇ 'ಎರರ್'. ಪಾಪ, ಅದೂ ಚೆನ್ನಾಗಿಯೇ ಕಟ್ಟಿಕೊಳ್ಳುತ್ತಿತ್ತು. ಗುರುಪಾದ ಎಲ್ಲವನ್ನೂ ನಿಲ್ಲಿಸಿ ತಾಯಿಯನ್ನು ಕರೆದ.

"ಸಂಜಿ ಆಗಾಕ ಬಂತಲ್ಲೋ! ಇನ್ನ ಮುಗಿಯೋ ತನಕ ಕೈ ಹಚ್ಚಬ್ಯಾಡ. ಏನ ಬಂದ್ರೂ ಕೈ ಹಚ್ಚಬ್ಯಾಡ."

"ಹೂಂ ಬೇ."

ಮತ್ತೆ ಶುರು ಮಾಡಿ ಕೈಕಟ್ಟಿ ಕೂತ. ಪರದೆಯ ಮೇಲೆ ಬಂತು: 'ಅಪ್‌ಡೇಟ್ ಇದೆ. ಹತ್ತು ನಿಮಿಷದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಮುಂದೂಡಬೇಕೇ?' ಒಂದು ಬೆರಳು ಒತ್ತಿದ್ದರೆ ಸಾಕಿತ್ತು. ಈ ಮಹಾನುಭಾವ ಒಂಬತ್ತು, ಎಂಟು, ಏಳು ಅಂತ ನಿಮಿಷ ಎಣಿಸುತ್ತ ಕೂತ. ಪರದೆ ಕಪ್ಪಾಯಿತು, ಕಟ್ಟುತ್ತಿದ್ದದ್ದು ಅರ್ಧಕ್ಕೇ ನಿಂತಿತು.

ನೀಲಗಂಗವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಗೆದ್ದದ್ದು ಸಿಟ್ಟೇ.

"ನನಗ ಕಣ್ಣಿದ್ದಿದ್ರ ನಿನ್ನ ಯಾಕ ಕೇಳತಿದ್ದೆ? ಪರದೆ ಏನ ಹೇಳತೈತಿ, ಅದನ್ನ ಮಾಡು."

"ಹೂಂ ಬೇ."

ಏಳು ಗಂಟೆಗೆ ಅಂತೂ ಕಟ್ಟಿ ಮುಗಿಯಿತು. ಸರ್ವರ್ ಓಡಿತು. ಹದಿನಾರು ಫೋನಿನಲ್ಲಿ ಪಾಠ ಶುರುವಾಯಿತು. ಪರದೆ ಹೇಳಿತು: 'ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.'

ಒತ್ತಿದ.

ಆ ಹದಿನಾರರಲ್ಲಿ ಒಬ್ಬಳು, ಶಾಹೀನಾ, ಮುಧೋಳದಿಂದ ಫೋನ್ ಮಾಡಿದಳು. "ಅಕ್ಕೋರ, 'ಮಕ್ಕಳೇ' ಅಂದ್ರಿ. ಆಮ್ಯಾಲೆ ದನೀನ ಇಲ್ರಿ."

"ಮತ್ತ ಶುರು ಮಾಡೋ," ಅಂದಳು ತಾಯಿ. ಮಾಡಿದ. ಪರದೆ ಮತ್ತೆ ಹೇಳಿತು, ಮತ್ತೆ ಒತ್ತಿದ. ಮೂರನೆಯ ಸಲ ತಾಯಿ ಅವನ ಕೈ ಹಿಡಿದಳು.

"ಏನ ಒತ್ತಾಕತ್ತಿ?"

"ಪರದೆ ಹೇಳಿದ್ದು. ನೀನ ಹೇಳಿದ್ಯಲ್ಲ ಬೇ."

ನೀಲಗಂಗವ್ವ ಅವನನ್ನು ಕುರ್ಚಿಯಿಂದ ಎಬ್ಬಿಸಿದಳು. ಕೀಬೋರ್ಡ್ ತಡವಿ, ತಾನೇ ಎರಡು ಕೀಲಿ ಒತ್ತಿ ಸರ್ವರ್ ಓಡಿಸಿದಳು. "ಹೊರಗ ನಡಿ. ನಿನಗ ಯಾರೂ ಏನೂ ಹೇಳೂದಿಲ್ಲ ಇನ್ನ."

ಗುರುಪಾದ ತಲೆ ತಗ್ಗಿಸಿ ಹೊರಟ. ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿತ್ತು: 'ಹೊರಗೆ ಹೋಗುವಾಗ ಎಲ್ಲಾ ಸ್ವಿಚ್ ಆರಿಸಿ.' ನಿಂತು ಓದಿದ. ಒಂದನ್ನೂ ಬಿಡದೆ ಆರಿಸಿದ.

ದೀಪ ಹೋದದ್ದು ನೀಲಗಂಗವ್ವನಿಗೆ ಹೇಗೆ ಗೊತ್ತಾಗಬೇಕು? ಫೋನು ಬಡಿದುಕೊಂಡಾಗ ಗೊತ್ತಾಯಿತು.

"ಅಕ್ಕೋರ, 'ಮಕ್ಕಳೇ' ಅಂದ್ರಿ. ಮುಂದೇನ್ರಿ?"